ಅನಗತ್ಯ ಹಸ್ತಕ್ಷೇಪ

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೂ ಅವನನ್ನು ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು. ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಇವನದು ಅಲ್ಲಿಂದಲೂ ಇಳಿದು ಬಂದು ನಾಲಿಗೆಯ ಮೇಲೆ ಕಾಲು ಚಾಚಿ ಮಲಗಿತ್ತು. ಬಾಗಿಲು ದಢಾರನೆ ಹಾಕಿದ ಗಿರಾಕಿಗೆ ಬೈಯುತ್ತಿದ್ದ, ಅಡ್ಡ ಬಂದ ಸೈಕಲ್ಲಿಗೆ ಬೈಯುತ್ತಿದ್ದ, ತನ್ನನ್ನು ಕಂಡೇ ಕೆಂಪಾಯಿತು ಎಂದು ಸಿಗ್ನಲ್ ಕಂಬಕ್ಕೂ ಬೈಯುತ್ತಿದ್ದ. ಆದರೆ ಇಪ್ಪತ್ತೊಂಬತ್ತು ವರ್ಷದಲ್ಲಿ ಅವನ ಗಾಡಿ ಮನುಷ್ಯರಿಗೆ ಹೋಗಲಿ, ಒಂದು ನಾಯಿಗೂ ತಾಗಿರಲಿಲ್ಲ. ಇವನ ಬಾಯಿಯೊಂದೇ ಜನರ ಮೇಲೆ ಹರಿಯುವುದು, ಗಾಡಿ ಹರಿಯುವುದಿಲ್ಲ ಎಂದು ಸ್ಟ್ಯಾಂಡಿನವರು ನಗುತ್ತಿದ್ದರು.

ಅವನಿಗೆ ಕೆಲಸ ಕಲಿಸಿದವನು ಸ್ಟ್ಯಾಂಡಿನ ಹಿರಿಯ ಡ್ರೈವರ್. ಸ್ಟಿಯರಿಂಗ್, ಗೇರು ಇವೆಲ್ಲ ಹದಿನೈದು ದಿನದ ಮಾತು. ಮಿಕ್ಕಿದ್ದನ್ನು ಕಲಿಸಲು ಮುದುಕ ಆರು ತಿಂಗಳು ತಗೊಂಡ. ಅದರಲ್ಲಿ ಮುಖ್ಯವಾದದ್ದು ಬಸ್ಸಿನ ಪಾಠ. ನಿಂತ ಬಸ್ಸನ್ನು ದಾಟಿ ಮುಂದೆ ಹೋಗುವಾಗ ಬಸ್ಸನ್ನು ನೋಡಬಾರದು, ಬಸ್ಸಿನ ಅಡಿ ನೋಡಬೇಕು. ಚಕ್ರಗಳ ನಡುವೆ ಒಂದು ಮೊಳ ಸಂದಿ ಇರುತ್ತದಲ್ಲ, ಅಲ್ಲಿ ಇಳಿದವರ ಕಾಲು ಕಾಣುತ್ತದೆ. ಕಾಲು ಫುಟ್‌ಪಾತಿನ ಕಡೆ ಹೋದರೆ ನೀನು ಹೋಗಬಹುದು. ಬಸ್ಸಿನ ಮೂತಿಯ ಕಡೆ ಬೇಗ ಬೇಗ ಹೋದರೆ ಆ ಮನುಷ್ಯ ಇನ್ನೆರಡು ಉಸಿರಿನಲ್ಲಿ ನಿನ್ನ ಬಾನೆಟ್ಟಿನ ಮುಂದೆ ಇರುತ್ತಾನೆ, ಅವನಿಗೆ ನೀನು ಕಾಣುವುದಿಲ್ಲ, ನಿನಗೆ ಅವನು ಕಾಣುವುದಿಲ್ಲ. ಈ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ. ಸ್ಟ್ಯಾಂಡಿನ ನಲವತ್ತು ಜನರೂ ಹೀಗೇ ಕಲಿತಿದ್ದರು, ಕಲಿತ ಮೇಲೆ ಹೇಳಿಕೊಡದೆಯೇ ಕಣ್ಣು ಅಲ್ಲಿಗೆ ಹೋಗುತ್ತಿತ್ತು.

ಆ ನಲವತ್ತು ಜನ ಈಗ ಆರು ಜನ. ಊರಿಗೆ ಚಾಲಕನಿಲ್ಲದ ಬಿಳಿ ಟ್ಯಾಕ್ಸಿಗಳು ಬಂದು ಎರಡು ವರ್ಷವಾಗಿತ್ತು. ಫೋನಿನಲ್ಲಿ ಕರೆದರೆ ಬರುತ್ತಿದ್ದವು, ಮೂಗು ಮುರಿಯದೆ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದವು, ಮುಖ್ಯವಾಗಿ ಗಿರಾಕಿಗೆ ಬೈಯುತ್ತಿರಲಿಲ್ಲ. ಮೆಣಸಿನಕಾಯಿ ಒಂದು ವರ್ಷ ಅವುಗಳಿಗೆ ಶಾಪ ಹಾಕುತ್ತ ಸ್ಟ್ಯಾಂಡಿನಲ್ಲಿ ನೊಣ ಹೊಡೆದ. ಕೊನೆಗೆ ಅದೇ ಕಂಪನಿ ಅನುಭವಿ ಡ್ರೈವರುಗಳು ಬೇಕೆಂದು ಕರೆದಾಗ, ಹಲ್ಲು ಕಚ್ಚಿಕೊಂಡು ಹೋಗಿ ಸೇರಿದ. ಹಳೆಯ ಊರಿನ ಇಕ್ಕಟ್ಟು ರಸ್ತೆಗಳಲ್ಲಿ ಟ್ಯಾಕ್ಸಿಗಳನ್ನು ಇನ್ನೂ ಒಂಟಿಯಾಗಿ ಬಿಟ್ಟಿರಲಿಲ್ಲ. ಪ್ರತಿಯೊಂದರಲ್ಲೂ ಸ್ಟಿಯರಿಂಗಿನ ಹಿಂದೆ ಒಬ್ಬ ಕೂರಬೇಕಿತ್ತು. ಕೂರಬೇಕು, ಅಷ್ಟೇ. ಕೈ ತೊಡೆಯ ಮೇಲೆ, ಕಾಲು ಬ್ರೇಕಿನಿಂದ ಒಂದು ಬೆರಳು ಮೇಲೆ.

ಇಷ್ಟು ವರ್ಷ ಮಾಡಿದ್ದೂ ಕೂರೋ ಕೆಲಸ ತಾನೇ ಎಂದು ಹೆಂಡತಿ ಛೇಡಿಸಿದಳು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ದಿನವಿಡೀ ಮೆಷಿನ್ ತುಳಿಯುವ ಅವಳ ಮುಂದೆ ಕೂತು ಸುಸ್ತಾಯಿತು ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಆದರೆ ನಿಜವಾಗಿ ಸುಸ್ತಾಗುತ್ತಿತ್ತು. ಓಡುವ ಗಾಡಿಯಲ್ಲಿ ಓಡಿಸದೆ ಕೂರುವುದು ತುರಿಕೆ ಎದ್ದಾಗ ಕೆರೆದುಕೊಳ್ಳದೆ ಕೂತಂತೆ. ಅದರ ಮೇಲೆ ಗಾಡಿಯೊಳಗೆ ಮೈಕು. ಮೊದಲ ವಾರ ಅವನು ಎಂದಿನಂತೆ ಬಾಯಿ ಬಿಟ್ಟ. ಪ್ರಯಾಣಿಕರ ಎದುರು ಅಸಭ್ಯ ಭಾಷೆ ಎಂದು ಮೂರು ನೋಟೀಸು ಬಂದವು. ಆಮೇಲೆ ಅವನು ಬೈಗುಳವನ್ನು ಹಲ್ಲಿನ ಹಿಂದೆಯೇ ಅರೆದು ನುಂಗಲು ಕಲಿತ. ಹೊಟ್ಟೆ ಕೆಟ್ಟದ್ದು ಅದಕ್ಕೇ ಎಂದು ಹೆಂಡತಿಗೆ ಹೇಳುತ್ತಿದ್ದ.

ಕಂಪನಿಯಲ್ಲಿ ಎಲ್ಲಕ್ಕೂ ಒಂದು ಹೆಸರಿತ್ತು. ಕೂತವನು ಬ್ರೇಕ್ ತುಳಿದರೆ, ಸ್ಟಿಯರಿಂಗ್ ಹಿಡಿದರೆ, ಅದು ಹಸ್ತಕ್ಷೇಪ. ಪ್ರತಿ ಹಸ್ತಕ್ಷೇಪದ ವೀಡಿಯೊ ಕಂಪನಿಯ ಇನ್ನೊಂದು ಕಟ್ಟಡಕ್ಕೆ ಹೋಗುತ್ತಿತ್ತು. ಅಲ್ಲಿ ಸಾಲಾಗಿ ಕೂತ ಹುಡುಗ ಹುಡುಗಿಯರು ಅದನ್ನು ನೋಡಿ ಒಂದು ಗುಂಡಿ ಒತ್ತುತ್ತಿದ್ದರು. ಅಗತ್ಯ, ಅನಗತ್ಯ, ತಿಳಿಯದು. ಒಂದೊಂದಕ್ಕೆ ಹನ್ನೆರಡು ಸೆಕೆಂಡು. ಒಂದು ರಸ್ತೆಯಲ್ಲಿ ಮೂರು ತಿಂಗಳು ಅಗತ್ಯ ಹಸ್ತಕ್ಷೇಪ ಒಂದೂ ಇಲ್ಲದಿದ್ದರೆ ಆ ರಸ್ತೆಗೆ ಕೂರುವವನು ಬೇಡ, ಟ್ಯಾಕ್ಸಿ ಒಂಟಿಯಾಗಿ ಹೋಗಬಹುದು ಎಂದು ಲೆಕ್ಕ. ಗುಂಡಿ ಒತ್ತುವವರಲ್ಲಿ ಅವನ ಮಗಳೂ ಒಬ್ಬಳು. ಇಪ್ಪತ್ತಮೂರು ವರ್ಷ, ಅಪ್ಪನ ಮೂಗು, ಅಪ್ಪನದೇ ಬಾಯಿ. ಅಪ್ಪನಿಗೆ ಆ ಕೆಲಸದ ಸುದ್ದಿ ತಂದವಳೂ ಅವಳೇ. ಬೆಳಿಗ್ಗೆ ಇಬ್ಬರೂ ಒಂದೇ ಥರದ ಊಟದ ಡಬ್ಬಿ ಹಿಡಿದು ಒಂದೇ ಬಸ್ಸಿಗೆ ಹೋಗುತ್ತಿದ್ದರು.

ಅದು ಒಂದು ಸೋಮವಾರ, ಮಧ್ಯಾಹ್ನ ನಾಲ್ಕರ ಹೊತ್ತು. ಹಿಂದಿನ ಸೀಟಿನಲ್ಲಿ ಕೋಟು ಹಾಕಿದ ಒಬ್ಬ ಗಿರಾಕಿ ಕಾಫಿ ಹಿಡಿದು ಫೋನಿನಲ್ಲಿ ಮಾತಾಡುತ್ತಿದ್ದ. ಟ್ಯಾಕ್ಸಿ ಬೇಕರಿ ರಸ್ತೆಗೆ ತಿರುಗಿತು. ಅದು ಉದ್ದನೆಯ ಸಪೂರ ರಸ್ತೆ, ಅರ್ಧದಲ್ಲಿ ಬಸ್ ಸ್ಟಾಪು. ಬಸ್ಸೊಂದು ನಿಂತಿತ್ತು. ಎದುರಿನಿಂದ ಯಾರೂ ಬರುತ್ತಿರಲಿಲ್ಲವಾದ್ದರಿಂದ ಟ್ಯಾಕ್ಸಿ ಬಸ್ಸನ್ನು ಬಳಸಿ ಹೋಗಲು ಹೊರಟಿತು. ಮೆಣಸಿನಕಾಯಿಯ ಕಣ್ಣು ತಾನಾಗಿ ಬಸ್ಸಿನ ಅಡಿಗೆ ಹೋಯಿತು. ಬಿಳಿ ಕ್ಯಾನ್ವಾಸ್ ಶೂ, ಎರಡು. ಒಂದರ ಲೇಸು ಬಿಚ್ಚಿ ನೆಲದ ಮೇಲೆ ಎಳೆದಾಡುತ್ತಿತ್ತು. ಬಸ್ಸಿನ ಮೂತಿಯ ಕಡೆ ಓಡುತ್ತಿದ್ದವು.

ಅವನ ಬಲಗಾಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬ್ರೇಕು ಬಿತ್ತು, ಅಂಗೈ ಹಾರ್ನಿನ ಮೇಲೆ ಬಿತ್ತು. ಗಾಡಿ ಕಿರುಚಿಕೊಂಡು ಬಸ್ಸಿನ ಪಕ್ಕದಲ್ಲೇ ನಿಂತಿತು. ಮುಂದೆ ಓಡುತ್ತಿದ್ದ ಶೂಗಳು ಬಸ್ಸಿನ ಮೂತಿಯ ಹತ್ತಿರ ಗಕ್ಕನೆ ನಿಂತು, ಹಿಂದಕ್ಕೆ ಸರಿದು, ಫುಟ್‌ಪಾತ್ ಹತ್ತಿ ಮಾಯವಾದವು. ಯಾರೂ ಹೊರಗೆ ಬರಲಿಲ್ಲ. ರಸ್ತೆ ಖಾಲಿಯಾಗಿಯೇ ಇತ್ತು. ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹಿಂದೆ ಗಿರಾಕಿಯ ಕಾಫಿ ಪೂರ್ತಿ ಕೋಟಿನ ಮೇಲಿತ್ತು. ಆ ಮನುಷ್ಯ ಮೆಣಸಿನಕಾಯಿಯನ್ನೇ ನಾಚಿಸುವ ಹಾಗೆ ಬೈದ, ಅದಕ್ಕೆ ಯಾವ ಮೈಕೂ ನೋಟೀಸು ಕಳಿಸಲಿಲ್ಲ.

ಬುಧವಾರ ಮ್ಯಾನೇಜರ್ ಕರೆದ. ಮೂವತ್ತು ದಾಟದ ಹುಡುಗ, ಬಿಸಿಲು ಕಾಣದ ಮುಖ, ಎಂದೂ ದನಿ ಏರಿಸಿದವನಲ್ಲ. ದನಿ ಏರಿಸದವರನ್ನು ಕಂಡರೆ ಮೆಣಸಿನಕಾಯಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ, ಅವರೊಡನೆ ಜಗಳವಾಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಗಾಜಿನ ಮೇಜಿನ ಮೇಲೆ ಒಂದು ಹಾಳೆ ಇತ್ತು. ಬೇಕರಿ ರಸ್ತೆಯಲ್ಲಿ ನಡೆದದ್ದು ಅನಗತ್ಯ ಹಸ್ತಕ್ಷೇಪವೆಂದೂ, ವಾಹನದ ನಿರ್ಧಾರ ಸರಿಯಿತ್ತೆಂದೂ, ತಾನು ಗಾಬರಿಯಿಂದ ಬ್ರೇಕ್ ತುಳಿದೆನೆಂದೂ ಅದರಲ್ಲಿ ಮೊದಲೇ ಬರೆದಿತ್ತು. ಕೆಳಗೆ ಅವನ ಸಹಿಗೆ ಜಾಗ.

ಅವನು ಕಾಲಿನ ವಿಷಯ ಹೇಳಿದ. ಮ್ಯಾನೇಜರ್ ಗೌರವದಿಂದ ಕೇಳಿಸಿಕೊಂಡು ವೀಡಿಯೊ ತೋರಿಸಿದ. ಗಾಡಿಗೆ ಹದಿನಾಲ್ಕು ಕ್ಯಾಮರಾ, ಹದಿನಾಲ್ಕೂ ನೆತ್ತಿಯ ಮೇಲೆ. ಬಸ್ಸಿನ ಕಿಟಕಿ ಕಂಡಿತು, ಬಸ್ಸಿನ ತಲೆ ಕಂಡಿತು, ಬಸ್ಸಿನಾಚೆಯ ಅಂಗಡಿಯ ಹಸಿರು ಕೊಡೆಯೂ ಕಂಡಿತು. ಬಸ್ಸಿನ ಅಡಿ ಮಾತ್ರ ಕಾಣಲಿಲ್ಲ. ಮೂವರು ನೋಡಿ ಮೂವರೂ ಅನಗತ್ಯ ಎಂದಿದ್ದಾರೆ ಎಂದು ಮ್ಯಾನೇಜರ್ ಹೇಳಿದ. ಯಾರಿಗೂ ಇದರಿಂದ ತೊಂದರೆ ಇಲ್ಲ, ಸಹಿ ಹಾಕಿದರೆ ನೀವು ಹೊಸಬರಿಗೆ ತರಬೇತಿ ಕೊಡುವ ಕೆಲಸಕ್ಕೆ ಹೋಗಬಹುದು, ಬೇಕರಿ ರಸ್ತೆಯ ಮೂರು ತಿಂಗಳೂ ಮುಗಿಯುತ್ತಿದೆ ಎಂದ. ಹಾಕದಿದ್ದರೆ, ವಾಹನದ ಮೇಲೆ ನಂಬಿಕೆ ಇಲ್ಲದವರನ್ನು ವಾಹನದಲ್ಲಿ ಕೂರಿಸುವುದು ಕಷ್ಟ. ಶುಕ್ರವಾರ ಮಧ್ಯಾಹ್ನದ ತನಕ ಯೋಚಿಸಲು ಸಮಯ ಕೊಟ್ಟ.

ಅಂದರೆ, ಇವನು ಸಹಿ ಹಾಕಿದರೆ ಬೇಕರಿ ರಸ್ತೆಯಲ್ಲಿ ಬಸ್ಸಿನ ಅಡಿ ನೋಡುವ ಕಣ್ಣು ಒಂದೂ ಇರುವುದಿಲ್ಲ. ಹಾಕದಿದ್ದರೆ ಇವನ ಅನ್ನ ಹೋಗುತ್ತದೆ. ಮೆಣಸಿನಕಾಯಿಗೆ ಮೈಯೆಲ್ಲ ಉರಿದುಹೋಯಿತು. ಗಾಬರಿಯಿಂದ ಅಂತೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಗಾಬರಿಯಿಂದ ಬ್ರೇಕ್ ತುಳಿದದ್ದು ಒಮ್ಮೆಯೂ ಇಲ್ಲ. ಗಾಬರಿ ಏನಿದ್ದರೂ ತುಳಿದು ಆದ ಮೇಲೆ.

ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಶುರು ಮಾಡಿದ. ಮ್ಯಾನೇಜರನ ವಂಶ ಜಾಲಾಡಿದ, ಕ್ಯಾಮರಾ ಮಾಡಿದವನ ವಂಶ ಜಾಲಾಡಿದ, ಆಮೇಲೆ ಆ ಗುಂಡಿ ಒತ್ತಿದ ಮೂವರು ಕುರುಡರಿಗೆ ಬಂದ. ಕಣ್ಣು ಎಲ್ಲಿಟ್ಟುಕೊಂಡಿದ್ದಾರೆ, ಹಸಿರು ಕೊಡೆ ಕಾಣುತ್ತದೆ, ಮನುಷ್ಯರ ಕಾಲು ಕಾಣುವುದಿಲ್ಲವಾ, ಕೂತಲ್ಲಿ ಕೂತು ಇನ್ನೊಬ್ಬರ ಬದುಕಿಗೆ ಮಣ್ಣು ಹಾಕುವ ದರಿದ್ರಗಳು ಎಂದ. ಹೆಂಡತಿಯ ಹೊಲಿಗೆ ಮೆಷಿನ್ ನಿಂತಿತು. ಮಗಳು ತಟ್ಟೆಯ ಮುಂದೆ ಕೂತಿದ್ದವಳು ತುತ್ತು ಕೆಳಗಿಟ್ಟಳು.

"ಹಸಿರು ಕೊಡೆನಾ?" ಎಂದಳು. "ಅಪ್ಪಾ, ಅದು ನಾನು ಒತ್ತಿದ್ದು."

ವೀಡಿಯೊದಲ್ಲಿ ಡ್ರೈವರನ ಮುಖ ಇರುವುದಿಲ್ಲ, ಗಾಡಿಯ ನಂಬರ್ ಇರುವುದಿಲ್ಲ, ಸದ್ದೂ ಇರುವುದಿಲ್ಲ ಎಂದು ಅವಳು ಹೇಳಿದಳು. ದಿನಕ್ಕೆ ಆರುನೂರು ಬರುತ್ತವೆ. ಖಾಲಿ ರಸ್ತೆಯಲ್ಲಿ ಸುಮ್ಮನೆ ನಿಂತ ಗಾಡಿಯೊಂದು ಕಂಡಿತು, ಒತ್ತಿದಳು. ತಿಳಿಯದು ಎನ್ನುವ ಗುಂಡಿ ಯಾತಕ್ಕಿತ್ತು ಎಂದು ಅವನು ಕೇಳಿದ. ಅದನ್ನು ಜಾಸ್ತಿ ಒತ್ತುವವರನ್ನು ತಿಂಗಳ ಕೊನೆಗೆ ಮನೆಗೆ ಕಳಿಸುತ್ತಾರೆ ಎಂದಳು. ಅವನು ಬಾಯಿಗೆ ಬಂದದ್ದು ಅಂದ. ಮೈಕಿಲ್ಲದ ಜಾಗ, ಒಂದು ವರ್ಷದಿಂದ ನುಂಗಿದ್ದೆಲ್ಲ ಮಗಳ ಮೇಲೆ ಬಿತ್ತು. ಅವಳೂ ಅವನ ಮಗಳೇ, ಬಿಡಲಿಲ್ಲ.

"ಕಂಡಿದ್ದನ್ನ ಹೇಳು ಅಂತ ನೀನೇ ಕಲಿಸಿದ್ದು. ನಂಗೆ ಯಾರೂ ಕಾಣ್ಲಿಲ್ಲ. ನಿಂಗೆ ಕಂಡವಳು ಎಲ್ಲಿದಾಳೆ? ಕರ್ಕೊಂಡು ಬಾ."

ತುತ್ತು ಅಲ್ಲೇ ಬಿಟ್ಟು ಎದ್ದು ಹೋದಳು. ಇಬ್ಬರಿಗೂ ಬಡಿದುಕೊಳ್ಳಲು ಗೋಡೆ ಸಾಕಾಗುತ್ತಿಲ್ಲ ಎಂದು ಹೆಂಡತಿ ಗೊಣಗಿ ಮತ್ತೆ ಮೆಷಿನ್ ತುಳಿಯತೊಡಗಿದಳು. ಆದರೆ ಕರ್ಕೊಂಡು ಬಾ ಎಂದ ಮಾತು ಮೆಣಸಿನಕಾಯಿಯ ತಲೆಯಲ್ಲಿ ಕೂತುಬಿಟ್ಟಿತು. ಅವಳು ಎನ್ನುವುದೂ ಅವನಿಗೆ ಖಾತ್ರಿ ಇರಲಿಲ್ಲ. ಅವನು ಕಂಡದ್ದು ಎರಡು ಶೂ, ಒಂದು ಲೇಸು.

ಗುರುವಾರ ಅವನಿಗೆ ಬೆಳಗಿನ ಪಾಳಿ. ಎರಡಕ್ಕೆ ಬಿಟ್ಟವನು ನೇರ ಬೇಕರಿ ರಸ್ತೆಗೆ ಹೋಗಿ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತ. ಬಸ್ಸು ಬಂದಾಗಲೆಲ್ಲ ಇಳಿದವರ ಕಾಲು ನೋಡಿದ. ಐವತ್ತು ದಾಟಿದ ಗಂಡಸು ಹೆಂಗಸರ ಕಾಲನ್ನೇ ದಿಟ್ಟಿಸುತ್ತ ಕೂತರೆ ಜನ ಏನಂದುಕೊಳ್ಳುತ್ತಾರೆ ಎನ್ನುವುದು ಅವನಿಗೆ ಮೂರನೇ ಬಸ್ಸಿನ ಹೊತ್ತಿಗೆ ಹೊಳೆಯಿತು. ಒಬ್ಬ ಮುದುಕಿ ಮುಖಕ್ಕೆ ಉಗಿಯುವ ಹಾಗೆ ನೋಡಿ ಹೋದಳು. ಚಪ್ಪಲಿ, ಬೂಟು, ಎತ್ತರದ ಹಿಮ್ಮಡಿ, ಕರಿ ಕ್ಯಾನ್ವಾಸು. ನಾಲ್ಕು ಗಂಟೆಯ ಬಸ್ಸಿನಿಂದ ಬಿಳಿ ಕ್ಯಾನ್ವಾಸ್ ಇಳಿಯಿತು. ಬಿಳಿ ಎಂದರೆ ಬಣ್ಣ ಬಿಳಿಯಲ್ಲ, ಹಿಟ್ಟು ಮೆತ್ತಿ ಬಿಳಿಯಾಗಿತ್ತು. ಲೇಸು ಈಗಲೂ ಬಿಚ್ಚಿತ್ತು. ಮೇಲೆ ನೋಡಿದರೆ ನಲವತ್ತರ ಒಬ್ಬ ಹೆಂಗಸು, ತಲೆಗೆ ಬಟ್ಟೆ ಬಿಗಿದು, ಕೈಯಲ್ಲಿ ಸಂಚಿ ಹಿಡಿದು, ಬಸ್ಸಿನ ಮೂತಿಯ ಕಡೆ ದಾಪುಗಾಲು ಹಾಕುತ್ತಿದ್ದಳು. ಎದುರಿನ ಬೇಕರಿಯಲ್ಲಿ ಸಂಜೆಯ ಪಾಳಿಯವಳು.

ಅವನು ಓಡಿಹೋಗಿ ಅಡ್ಡ ನಿಂತ. ಮೊನ್ನೆ ಸೋಮವಾರ ಹಾರ್ನ್ ಹೊಡೆದದ್ದು ನಾನು ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಸಂಚಿ ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟುಕೊಂಡು ಬೈಯಲು ಶುರು ಮಾಡಿದಳು. ಹಾಗೆ ಹೊಡೆಯುವುದಾ ಹಾರ್ನು, ಜೀವ ಬಾಯಿಗೆ ಬಂದಿತ್ತು, ಅದೇ ಗುಂಗಿನಲ್ಲಿ ಒಂದು ತಟ್ಟೆ ಬನ್ನು ಸೀದುಹೋಯಿತು, ಆ ಬೈಗುಳವನ್ನೂ ನಾನೇ ತಿಂದೆ ಎಂದಳು. ಮೆಣಸಿನಕಾಯಿ ಜನ್ಮದಲ್ಲಿ ಮೊದಲ ಸಲ ಬೈಗುಳವನ್ನು ಖುಷಿಯಿಂದ ಕೇಳಿದ. ಪೂರ್ತಿ ಮುಗಿಯಲು ಬಿಟ್ಟು, ಆಮೇಲೆ ಹಾಳೆಯ ವಿಷಯ ಹೇಳಿದ. ಅವಳು ಬಿಚ್ಚಿದ ಲೇಸನ್ನು ಬಗ್ಗಿ ಕಟ್ಟಿಕೊಂಡಳು. ದಿನಾ ಹೀಗೇ ಓಡುತ್ತೇನೆ, ಬಸ್ಸು ಐದು ನಿಮಿಷ ತಡ, ಪಾಳಿಗೆ ಐದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಅದಕ್ಕೆ ಓಡುವುದು ಎಂದಳು. ನಾಳೆ ಪಾಳಿಗೆ ಮೊದಲು ಬಂದು ಒಂದು ಮಾತು ಹೇಳಿ ಹೋಗುತ್ತೇನೆ ಎಂದು ಒಪ್ಪಿಕೊಂಡಳು.

ಆ ಸಂಜೆ ಅವನು ಮಗಳಿಗೆ ಸಿಕ್ಕಳು ಎಂದಷ್ಟೇ ಹೇಳಿದ. ಅವಳು ತಲೆ ಎತ್ತಲಿಲ್ಲ. ಅವಳ ಕಣ್ಣು ಅತ್ತು ಕೆಂಪಾಗಿತ್ತು, ಅದು ಅವನಿಗೆ ಕಂಡಿತು, ಆದರೂ ಕ್ಷಮಿಸು ಎನ್ನುವ ಮಾತು ಅವನ ನಾಲಿಗೆಗೆ ಅಭ್ಯಾಸವಿರಲಿಲ್ಲ. ತನ್ನ ತಟ್ಟೆಯ ಮೊಟ್ಟೆಯನ್ನು ಅವಳ ತಟ್ಟೆಗೆ ದಾಟಿಸಿ ಎದ್ದ.

ಶುಕ್ರವಾರ ಎರಡೂವರೆಗೆ ಬೇಕರಿಯವಳು ಬಂದಳು. ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಳು, ಶೂ ಮಾತ್ರ ಅದೇ. ಮ್ಯಾನೇಜರ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ, ನೀರು ಕೊಟ್ಟ. ಬಂದದ್ದು ಬಹಳ ಒಳ್ಳೆಯದಾಯಿತು ಎಂದ. ಅವಳು ಸೋಮವಾರದ ಕಥೆಯನ್ನು ಸೀದುಹೋದ ಬನ್ನಿನ ಸಮೇತ ಹೇಳಿದಳು. ಅವನು ಎಲ್ಲವನ್ನೂ ಟೈಪ್ ಮಾಡಿಕೊಂಡ. ಮೆಣಸಿನಕಾಯಿಗೆ ಎದೆ ಹಗುರವಾಯಿತು. ಈ ಹುಡುಗ ಪರವಾಗಿಲ್ಲ, ನಾನೇ ತಪ್ಪು ತಿಳಿದೆ ಎಂದುಕೊಳ್ಳುವಷ್ಟರಲ್ಲಿ ಹುಡುಗ ಪ್ರಶ್ನೆ ಕೇಳತೊಡಗಿದ. ನೀವು ಬಸ್ಸಿನ ಮುಂದಿನಿಂದ ರಸ್ತೆಗೆ ಬಂದಿದ್ದಿರಾ ಎಂದ. ಒಂದು ಹೆಜ್ಜೆ ಇಟ್ಟಿದ್ದೆ, ಹಾರ್ನ್ ಕೇಳಿ ಹಿಂದೆ ಬಂದೆ ಎಂದಳು. ಆ ಹೆಜ್ಜೆ ಬಸ್ಸಿನ ಅಂಚು ದಾಟಿತ್ತಾ ಎಂದ. ಅವಳು ಕಣ್ಣು ಮುಚ್ಚಿ ಯೋಚಿಸಿದಳು. ಸುಳ್ಳು ಹೇಳಲು ಬಾರದ ಹೆಂಗಸು. ಇಲ್ಲ, ದಾಟಿರಲಿಲ್ಲ ಎಂದಳು.

ಹಾಗಾದರೆ ವಾಹನದ ದಾರಿಯಲ್ಲಿ ಯಾರೂ ಇರಲಿಲ್ಲ, ಪಾದಚಾರಿ ತಾವಾಗಿಯೇ ನಿಂತರು ಎಂದು ಮ್ಯಾನೇಜರ್ ಓದಿಕೊಂಡು ಟೈಪ್ ಮಾಡಿದ. ನಿಮ್ಮ ಮಾತು ನಮ್ಮ ವರದಿಯನ್ನೇ ಬೆಂಬಲಿಸುತ್ತದೆ ಎಂದ. ಅಷ್ಟಕ್ಕೆ ಬಿಡಲಿಲ್ಲ, ಸಮಾಧಾನವನ್ನೂ ಹೇಳಿದ. ಕುಡಿದು ಓಡಿಸುವವರು, ತೂಕಡಿಸುವವರು, ಫೋನ್ ನೋಡುವವರು ಎಷ್ಟು ಜನರನ್ನು ಕೊಲ್ಲುತ್ತಾರೆ, ನಮ್ಮ ವಾಹನ ಇದೊಂದನ್ನೂ ಮಾಡುವುದಿಲ್ಲ, ಒಟ್ಟು ನೋಡಿದರೆ ನಿಮ್ಮಂಥವರಿಗೇ ಇದರಿಂದ ಒಳ್ಳೆಯದು ಎಂದ. ಅದರಲ್ಲಿ ಸುಳ್ಳಿಲ್ಲ ಎನ್ನುವುದು ಮೆಣಸಿನಕಾಯಿಗೂ ಗೊತ್ತಿತ್ತು. ಸ್ಟ್ಯಾಂಡಿನಲ್ಲೇ ಅಂಥವರು ಇಬ್ಬರಿದ್ದರು, ಅವರ ಕೀಲಿ ಕಿತ್ತುಕೊಂಡು ಹೊಡೆದಾಡಿದವನೂ ಇವನೇ. ಆದರೆ ಅವರ ತಪ್ಪಿಗೆ ಈ ಹೆಂಗಸು ಯಾಕೆ ಬೆಲೆ ತೆರಬೇಕು ಎನ್ನುವುದನ್ನು ಮಾತಿನಲ್ಲಿ ಹೇಗೆ ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ.

ಕೇಳಿದ್ದು ಬೇಕರಿಯವಳು. ಜಗಳಕ್ಕಲ್ಲ, ನಿಜವಾಗಿ ಗೊತ್ತಾಗದೆ ಕೇಳಿದಳು.

"ಸಾರ್, ಹಾಗಾದ್ರೆ ಇವರು ಬ್ರೇಕ್ ಹಾಕಿದ್ದು ಅಗತ್ಯ ಅಂತ ಆಗೋಕೆ ನಾನು ಏನ್ ಮಾಡ್ಬೇಕಿತ್ತು?"

ಮ್ಯಾನೇಜರ್ ಕೀಬೋರ್ಡಿನ ಮೇಲಿಂದ ಕೈ ತೆಗೆದ. ತನ್ನ ಲೋಟದ ನೀರು ಕುಡಿದ. ಅಮ್ಮಾ, ಇದು ಕಂಪನಿಗೂ ಅದರ ನೌಕರನಿಗೂ ನಡುವಿನ ಕಾಗದ, ಇದು ನಿಮಗೆ ಸಂಬಂಧಪಟ್ಟಿದ್ದಲ್ಲ ಎಂದ.

"ಸಾರ್," ಎಂದ ಮೆಣಸಿನಕಾಯಿ. ಅವನ ದನಿ ಮ್ಯಾನೇಜರನ ದನಿಗಿಂತ ಸಣ್ಣದಾಗಿತ್ತು. "ಆ ಕಾಲು ಇವರದು. ಈ ಕಾಗದಕ್ಕೆ ಸಂಬಂಧಪಟ್ಟೋರು ಅಂತ ಈ ರೂಮಲ್ಲಿ ಯಾರಾದ್ರೂ ಇದ್ರೆ, ಇವರೊಬ್ಬರೇ."

ಪೆನ್ನು ತಗೊಂಡ. ಸಹಿಯ ಜಾಗ ಬಿಟ್ಟು, ಮೇಲೆ ಗಾಬರಿಯಿಂದ ಎಂದಿದ್ದ ಕಡೆ ಅಡ್ಡ ಗೆರೆ ಎಳೆದು, ತನ್ನ ಸೊಟ್ಟ ಅಕ್ಷರದಲ್ಲಿ ಬರೆದ. ಕಾಲು ಕಂಡಿತು. ತುಳಿದೆ. ಇನ್ನೊಂದು ಸಲ ಕಂಡರೂ ತುಳಿಯುತ್ತೇನೆ. ಬರೆದು ಹಾಳೆಯನ್ನು ಮೇಜಿನ ಆಚೆಗೆ ತಳ್ಳಿದ. ಮ್ಯಾನೇಜರ್ ಅದನ್ನು ಓದಿ, ಅವನ ಕೊರಳಿನ ಗುರುತಿನ ಚೀಟಿಗಾಗಿ ಸೌಜನ್ಯದಿಂದಲೇ ಕೈ ಚಾಚಿದ. ಗೇಟಿನ ಹತ್ತಿರ ಬೇಕರಿಯವಳು ನಾನು ಸುಳ್ಳು ಹೇಳಬೇಕಿತ್ತಾ ಎಂದು ಕೇಳಿದಳು. ಹೇಳಿದ್ದರೆ ನಿಮಗೂ ಬೈಯುತ್ತಿದ್ದೆ ಎಂದು ಅವನು ಅವಳನ್ನು ಬಸ್ಸು ಹತ್ತಿಸಿದ.

ಆಮೇಲೆ ಮನೆಯಲ್ಲಿ ಉಳಿದದ್ದು ಹೆಂಡತಿಯ ಮೆಷಿನ್ನು, ಮಗಳ ಗುಂಡಿ. ಅವನು ಗುಂಡಿ ಹೊಲಿಯುವ ಕೆಲಸ ಕಲಿತ, ಸೂಜಿ ಚುಚ್ಚಿಕೊಂಡಾಗಲೆಲ್ಲ ಸೂಜಿಗೆ ಬೈದ. ಹೆಂಡತಿ ಒಂದು ದಿನವೂ ಯಾಕೆ ಸಹಿ ಹಾಕಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಹಗುರವಾಗುತ್ತಿತ್ತು, ಜಗಳವಾಡಬಹುದಿತ್ತು. ಮಗಳು ಒಂದು ವಾರದ ಮೇಲೆ ಊಟದ ಮಧ್ಯೆ, ಯಾರನ್ನೂ ನೋಡದೆ, ಈಗ ಬಸ್ಸು ಇರುವ ವೀಡಿಯೊ ಬಂದಾಗಲೆಲ್ಲ ತಿಳಿಯದು ಒತ್ತುತ್ತಿದ್ದೇನೆ ಎಂದಳು. ತಿಂಗಳ ಕೊನೆಗೆ ಏನಾಗುತ್ತದೆ ಎಂದು ಅವನು ಕೇಳಿದ. ನೋಡೋಣ ಎಂದಳು. ಅವನು ಮಗಳ ತಲೆಯ ಮೇಲೆ ಕೈಯಿಟ್ಟ. ಅವಳು ಆ ಕೈಯನ್ನು ತಳ್ಳದೆ ಊಟ ಮುಂದುವರಿಸಿದಳು.

ಇವನ ಸಹಿ ಇಲ್ಲದಿದ್ದರೂ, ಬೇಕರಿಯವಳ ಹೇಳಿಕೆಯನ್ನೇ ಆಧಾರ ಮಾಡಿಕೊಂಡು ಮುಂದಿನ ತಿಂಗಳು ಬೇಕರಿ ರಸ್ತೆಯಲ್ಲಿ ಟ್ಯಾಕ್ಸಿಗಳನ್ನು ಒಂಟಿಯಾಗಿ ಬಿಟ್ಟರು. ಮೆಣಸಿನಕಾಯಿ ಅದನ್ನು ಕಣ್ಣಾರೆ ನೋಡಬೇಕೆಂದು ಹೋಗಿ ಸ್ಟಾಪಿನ ಬೆಂಚಿನ ಮೇಲೆ ಕೂತ. ಮಧ್ಯಾಹ್ನ ಮೂರರಿಂದ ಕೂತಿದ್ದ. ಬಸ್ಸು ಬಂದು ನಿಂತಿತು, ಹಿಂದೆ ಬಿಳಿ ಟ್ಯಾಕ್ಸಿ ಬಂತು. ಸ್ಟಿಯರಿಂಗ್ ತಾನಾಗಿ ತಿರುಗುತ್ತಿತ್ತು, ಸೀಟು ಖಾಲಿ. ಬಸ್ಸನ್ನು ಬಳಸಿಕೊಂಡು, ಒಂದಿಷ್ಟೂ ನಿಧಾನಿಸದೆ, ನೀಟಾಗಿ ಹೋಯಿತು. ಬಸ್ಸಿನ ಮುಂದಿನಿಂದ ಯಾರೂ ಬರಲಿಲ್ಲ. ಏನೂ ಆಗಲಿಲ್ಲ.

ಎರಡನೇ ಬಸ್ಸು, ಎರಡನೇ ಟ್ಯಾಕ್ಸಿ. ಇಳಿದವನೊಬ್ಬ ಮೂತಿಯ ಕಡೆ ಹೊರಟ, ಮೆಣಸಿನಕಾಯಿ ಬೆಂಚಿನ ಅಂಚಿಗೆ ಬಂದ, ಆ ಮನುಷ್ಯ ಏನೋ ನೆನಪಾಗಿ ಫುಟ್‌ಪಾತಿಗೆ ಮರಳಿದ. ಟ್ಯಾಕ್ಸಿ ಹೋಯಿತು. ಏನೂ ಆಗಲಿಲ್ಲ. ಮೂರನೆಯದೂ ಹೋಯಿತು, ಐದನೆಯದೂ ಹೋಯಿತು. ಏನೂ ಆಗದ ಪ್ರತಿ ಸಲವೂ ಎಲ್ಲೋ ಒಂದು ಕಡೆ ವಾಹನದ ನಿರ್ಧಾರ ಸರಿ ಎಂದು ಬರೆಯಲಾಗುತ್ತಿತ್ತು. ಅವನಿಗೆ ಹೊಟ್ಟೆ ಉರಿಯತೊಡಗಿತು. ಥೂ, ಇದೂ ಹೋಯಿತಲ್ಲ ಎಂದು ಆರನೆಯದರ ಹಿಂದೆ ಜೋರಾಗಿಯೇ ಅಂದುಬಿಟ್ಟ.

ಅಂದ ಮೇಲೆ ಅವನಿಗೆ ತಾನು ಏನು ಅಂದೆ ಎನ್ನುವುದು ಕೇಳಿಸಿತು.

ಎರಡು ಗಂಟೆ ಕಾಲ ಅವನು ಈ ಬೆಂಚಿನ ಮೇಲೆ ಏನು ಕಾಯುತ್ತ ಕೂತಿದ್ದ? ಇಪ್ಪತ್ತೊಂಬತ್ತು ವರ್ಷ ಯಾರಿಗೂ ಏನೂ ಆಗದಿರಲಿ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನನ್ನು ಈ ಕಂಪನಿಯವರು, ಯಾರಿಗಾದರೂ ಏನಾದರೂ ಆಗಲಿ ಎಂದು ಕಾಯುವವನನ್ನಾಗಿ ಮಾಡಿಬಿಟ್ಟಿದ್ದರು. ಕೆಲಸ ಕಿತ್ತುಕೊಂಡದ್ದಕ್ಕಿಂತ, ಮಗಳ ಕೈಯಲ್ಲಿ ಆ ಗುಂಡಿ ಒತ್ತಿಸಿದ್ದಕ್ಕಿಂತ ಇದು ಅವನಿಗೆ ದೊಡ್ಡ ಅನ್ಯಾಯವೆನಿಸಿತು. ಅವನ ಕಣ್ಣಲ್ಲಿ ನೀರು ಬಂತು, ಆ ನೀರಿಗೂ ಅವನು ಬೈದ.

ಐದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಕಳೆದುಕೊಳ್ಳುವವಳ ಬಸ್ಸು ಅವತ್ತು ಒಂದು ಗಂಟೆಯೇ ತಡವಾಗಿತ್ತು. ಐದಕ್ಕೆ ಬಂದು ನಿಂತಿತು. ತಿರುವಿನಲ್ಲಿ ಬಿಳಿ ಟ್ಯಾಕ್ಸಿಯ ಮೂತಿ ಕಂಡಿತು. ಮೆಣಸಿನಕಾಯಿ ಬೆಂಚಿನಿಂದ ಎದ್ದು, ಓಡಿ, ಬಸ್ಸಿನ ಮುಂದೆ ಫುಟ್‌ಪಾತಿನ ಅಂಚಿನಲ್ಲಿ ಎರಡೂ ಕೈ ಅಗಲಿಸಿ ನಿಂತ. ಬೇಕರಿಯವಳು ಓಡುತ್ತ ಬಂದವಳು ಅವನ ತೋಳಿಗೆ ಡಿಕ್ಕಿ ಹೊಡೆದಳು. ಹಿಂದೆ ಇನ್ನೂ ನಾಲ್ಕು ಜನ ನಿಂತರು. ಟ್ಯಾಕ್ಸಿ ಬಸ್ಸಿನ ಆಚೆಯಿಂದ ಸರ್ರನೆ ಹಾದುಹೋಯಿತು, ಅದರ ಗಾಳಿ ಅವನ ಅಂಗಿಗೆ ಬಡಿಯಿತು. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಯಾರಯ್ಯಾ ನೀನು, ಇಲ್ಲಿ ನಿಲ್ಲಲು ನಿನಗೆ ಯಾರು ಹೇಳಿದರು ಎಂದು ಕೂಗಿದ.

"ಯಾರೂ ಹೇಳಿಲ್ಲ," ಎಂದ ಮೆಣಸಿನಕಾಯಿ. ಕೈ ಇಳಿಸಲಿಲ್ಲ. ಬಗ್ಗಿ ಬಸ್ಸಿನ ಅಡಿ ಒಮ್ಮೆ ನೋಡಿದ, ಆಚೆ ಯಾವ ಗಾಡಿಯ ಚಕ್ರವೂ ಇಲ್ಲದ್ದು ಕಂಡು, ಆಮೇಲೆ ಬೇಕರಿಯವಳಿಗೆ ಈಗ ಹೋಗಿ ಎಂದ.